ಉಬ್ಬಿಲ್ಲದ ರಸ್ತೆ

ಡ್ರೈವಿಂಗ್ ಸ್ಕೂಲಿನಲ್ಲಿ ಅವರನ್ನು ಎಲ್ಲರೂ ನಿಧಾನ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಇಪ್ಪತ್ತೊಂದು ವರ್ಷ ಅವರು ಕಾರಿನಲ್ಲಿ ಕೂತದ್ದು ಸ್ಟಿಯರಿಂಗ್ ಇಲ್ಲದ ಕಡೆ. ಎದುರಿಗೆ ಬರೀ ಡ್ಯಾಶ್‌ಬೋರ್ಡು, ಕಾಲ ಕೆಳಗೆ ಕಲಿಸುವವರಿಗೆಂದೇ ಜೋಡಿಸಿದ ಎರಡನೇ ಬ್ರೇಕು, ಬಾಯಲ್ಲಿ ‘ನಿಧಾನ, ನಿಧಾನ’ ಎಂಬ ಜಪ. ಕಲಿಯುವವರು ಸ್ವಲ್ಪ ಜೋರು ಮಾಡಿದರೆ ಸಾಕು, ಮೇಷ್ಟ್ರ ಬಲಗಾಲು ಯಾರನ್ನೂ ಕೇಳದೆ ಒತ್ತಿಬಿಡುತ್ತಿತ್ತು. ಬಸ್ಸಿನಲ್ಲಿ ಕೂತಾಗಲೂ ಒತ್ತುತ್ತಿತ್ತು. ಒಮ್ಮೆ ಸಿನಿಮಾ ಟಾಕೀಸಿನಲ್ಲಿ ಪರದೆಯ ಮೇಲೆ ಕಾರೊಂದು ಶರವೇಗದಲ್ಲಿ ಓಡಿದಾಗ ಮುಂದಿನ ಸಾಲಿನವರ ಕುರ್ಚಿಗೆ ಒದ್ದು, ಚೆನ್ನಾಗಿ ಬೈಸಿಕೊಂಡಿದ್ದರು.

ಇಂಥ ಮನುಷ್ಯನಿಗೆ ಐವತ್ತರ ಹೊಸ್ತಿಲಲ್ಲಿ ಕಾರಿನ ಹುಚ್ಚು ಹಿಡಿಯಿತು ಅಂದರೆ ಯಾರೂ ನಂಬಲಿಕ್ಕಿಲ್ಲ. ಹಿಡಿದದ್ದು ಎಲ್ಲ ಕಾರಿನ ಹುಚ್ಚಲ್ಲ, ಒಂದೇ ಒಂದು ಕಾರಿನದು. ಹಳೆ ಕಾರುಗಳ ದಲ್ಲಾಳಿಯ ಅಂಗಳದಲ್ಲಿ, ಎರಡು ವ್ಯಾನುಗಳ ನಡುವೆ ಮೂತಿ ತೋರಿಸಿಕೊಂಡು ನಿಂತಿದ್ದ ನೀಲಿ ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕು. ಹೊರಗಿಂದ ನೋಡಿದರೆ ತರಕಾರಿ ತರಲು ಹೋಗುವ ಕಾರು. ಒಳಗೆ ಮಾತ್ರ ಎಂಜಿನ್ನು ದೊಡ್ಡದು, ಸ್ಪ್ರಿಂಗು ಗಟ್ಟಿ, ಟೈರು ಅಗಲ, ಸೈಲೆನ್ಸರಿನ ದನಿಯೇ ಬೇರೆ.

“ಹಾಟ್ ಹ್ಯಾಚ್ ಅಂತಾರೆ ಮೇಷ್ಟ್ರೇ ಇದಕ್ಕೆ,” ಅಂದ ದಲ್ಲಾಳಿ. “ರೇಸ್ ಕಾರು ಕೊಳ್ಳೋಕಾಗದೋರ ರೇಸ್ ಕಾರು. ನಮ್ಮ ನಿಮ್ಮಂಥೋರಿಗೆ ಅಂತಲೇ ಮಾಡಿರೋದು.”

‘ನಮ್ಮ ನಿಮ್ಮಂಥೋರು’ ಎಂಬ ಮಾತಿಗೆ ಮೇಷ್ಟ್ರು ಕರಗಿಹೋದರು. ಮರುದಿನ ಕೆಲಸ ಮುಗಿಸಿ, ದಲ್ಲಾಳಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿದರು. ಅಂದು ಅವರ ಬಲಗಾಲಿಗೆ ಬ್ರೇಕಿನ ಪಕ್ಕದಲ್ಲಿ ಇನ್ನೊಂದು ಪೆಡಲ್ ಇದೆ ಎಂಬುದು ನೆನಪಾಯಿತು. ಅದನ್ನು ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು, ಮುಖದ ಮೇಲೆ ತಾನಾಗಿ ನಗು ಬಂತು, ಹದಿನೆಂಟರ ವಯಸ್ಸಿನಲ್ಲಿ ಸಾಯಂಕಾಲಗಳು ಹೇಗಿದ್ದವು ಎಂಬುದು ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿತು. ಅದೇ ಸುತ್ತಿನಲ್ಲಿ, ಮಾರ್ಕೆಟ್ ರಸ್ತೆಯಲ್ಲಿ ವೇಗ ತಗ್ಗಿಸಲು ಹಾಕಿದ ಮೊದಲನೇ ಉಬ್ಬಿನ ಮೇಲೆ ಅವರ ಹಲ್ಲಿಗೆ ಹಲ್ಲು ಬಡಿದು ಟಕ್ ಅಂದಿತು. ಅದೂ ಸ್ಪಷ್ಟವಾಗಿಯೇ ಗೊತ್ತಾಯಿತು. ಅವರು ಆ ತಿಳಿವಳಿಕೆಯನ್ನು ಆ ಉಬ್ಬಿನ ಮೇಲೇ ಬಿಟ್ಟು ಮನೆಗೆ ಬಂದರು.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಹೆಗಲು ತಿದ್ದುವುದು, ದಪ್ಪಗಾದವರಿಗೆ ಬಿಗಿಯಾದದ್ದನ್ನು ಮರ್ಯಾದೆ ಹೋಗದಂತೆ ಸಡಿಲ ಮಾಡಿಕೊಡುವುದು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಇಷ್ಟು ವರ್ಷ ಮಿಷನ್ನಿನ ಮುಂದೆ ಬಗ್ಗಿ ಕೂತದ್ದಕ್ಕೆ ಬೆನ್ನುಮೂಳೆಯ ಎರಡು ಬಿಲ್ಲೆ ಸರಿದಿದ್ದವು. ಅಗಲವಾದ ಬೆಲ್ಟು ಕಟ್ಟಿಕೊಂಡು, ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೋಗಿಬಂದು, ಒಂದು ವರ್ಷದಲ್ಲಿ ಮತ್ತೆ ನೋವಿಲ್ಲದೆ ನೆಟ್ಟಗೆ ಕೂತು ಹೊಲಿಯುವ ಮಟ್ಟಿಗೆ ಬಂದಿದ್ದಳು.

ಮೇಷ್ಟ್ರು ನೇರವಾಗಿ ‘ನನಗೆ ಆ ಕಾರು ಬೇಕು’ ಅನ್ನಲಿಲ್ಲ. ಅನ್ನಲು ನಾಚಿಕೆ. ಐವತ್ತರ ಗಂಡಸು, ಅದರಲ್ಲೂ ಊರಿಗೆಲ್ಲ ನಿಧಾನ ಹೇಳಿಕೊಡುವವನು, ಆಟದ ಸಾಮಾನಿಗೆ ಹಟ ಹಿಡಿದ ಮಗುವಿನ ಹಾಗೆ ಕಾಣಿಸಬಾರದಲ್ಲ. ಅದಕ್ಕೇ ದೊಡ್ಡ ಪೀಠಿಕೆ ಹಾಕಿದರು. “ನಮಗೂ ಒಂದು ಗಾಡಿ ಅಂತ ಬೇಕಲ್ವೇನೇ, ನಿನ್ನನ್ನ ಡಾಕ್ಟರ ಹತ್ತಿರ ಕರಕೊಂಡು ಹೋಗೋಕಾದ್ರೂ,” ಎಂದು ಶುರು ಮಾಡಿ, ಸ್ಕೂಲಿನಿಂದ ತಂದಿದ್ದ ಖಾಲಿ ಕಾರ್ಡೊಂದನ್ನು ಮೇಜಿನ ಮೇಲಿಟ್ಟರು. ಕಲಿಯುವವರ ಗುಣದೋಷ ಬರೆಯುವ ಕಾರ್ಡು ಅದು. ಒಂದು ಕಡೆ ‘ಸರಿ’, ಇನ್ನೊಂದು ಕಡೆ ‘ತಿದ್ದಬೇಕು’. ಸಾವಿರಾರು ಜನರನ್ನು ಮೇಷ್ಟ್ರು ಈ ಎರಡು ಕಾಲಂನಲ್ಲೇ ತೂಗಿದ್ದರು.

“ಹೇಳಿ, ಬರೀತೀನಿ,” ಅಂದಳು ಹೆಂಡತಿ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲನ್ನೇ ಹಿಡಿದು.

ಸರಿಯ ಕಡೆ ಮೇಷ್ಟ್ರ ಬಾಯಿಗೆ ಬಿಡುವೇ ಇರಲಿಲ್ಲ. ಪುಟ್ಟ ಕಾರು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಐದು ಬಾಗಿಲು. ಹಿಂದಿನ ಸೀಟು ಮಡಚಿದರೆ ಬಟ್ಟೆಯ ಥಾನು ಎಷ್ಟು ಬೇಕಾದರೂ ಹಿಡಿಸುತ್ತದೆ. ಓವರ್‌ಟೇಕ್ ಮಾಡುವಾಗ ಎದೆ ಹೊಡೆದುಕೊಳ್ಳುವುದಿಲ್ಲ. ಬ್ರೇಕು ಒತ್ತಿದ ತಕ್ಷಣ ಕಾರು ನಿಲ್ಲುತ್ತದೆ. ಇಷ್ಟು ಶಕ್ತಿಯ ಕಾರು ಇಷ್ಟು ಕಡಿಮೆ ಬೆಲೆಗೆ ಇನ್ನೆಲ್ಲೂ ಸಿಗುವುದಿಲ್ಲ.

“ಇನ್ನೊಂದು ಕಡೆ?”

“ಅದರಲ್ಲೇನಿದೆ ಅಂಥದ್ದು… ಪೆಟ್ರೋಲು ಸ್ವಲ್ಪ ಜಾಸ್ತಿ ಕುಡಿಯುತ್ತೆ.”

“ಸ್ವಲ್ಪ ಅಂದ್ರೆ?”

“ಜಾಸ್ತೀನೇ.”

ಹೆಂಡತಿ ಬರೆದಳು. ಆಮೇಲೆ ಮೊಸರಲ್ಲಿ ಕಲ್ಲು ಹುಡುಕುವ ಹಾಗೆ ಒಂದೊಂದೇ ಹೊರಗೆಳೆದಳು. ಆ ಅಗಲದ ಟೈರು ಬೇಗ ಸವೆಯಲ್ವಾ? ಸವೆಯುತ್ತೆ. ವಿಮೆ? ಹೆಚ್ಚು. ಹೊಟ್ಟೆ ನೆಲಕ್ಕೆ ತಾಗೋ ಹಾಗಿದೆಯಂತಲ್ಲ? ನೋಡಿಕೊಂಡು ಓಡಿಸಬೇಕು. ಸದ್ದು? ಅದು ಸದ್ದಲ್ಲ ಕಣೇ, ದನಿ. ಹೆಂಡತಿ ‘ಸದ್ದು’ ಎಂದೇ ಬರೆದಳು. ಕೊನೆಗೆ ಪೆನ್ಸಿಲು ತಡೆದು ಕೇಳಿದಳು, “ನನ್ನ ಬೆನ್ನಿಗೆ ಹೇಗೆ?”

ಮೇಷ್ಟ್ರ ಹಲ್ಲಿಗೆ ಟಕ್ ಅಂದದ್ದು ನೆನಪಾಯಿತು. “ಅದನ್ನ ನೀನೇ ಕೂತು ನೋಡಬೇಕಪ್ಪ,” ಅಂದರು. “ನಾನು ಹೇಗೆ ಹೇಳಲಿ?”

ಭಾನುವಾರ ಇಬ್ಬರೂ ಹೋದರು. ದಲ್ಲಾಳಿಯ ಅಂಗಳದಿಂದ ಮನೆಗೆ ಮಾರ್ಕೆಟ್ ರಸ್ತೆಯಲ್ಲಿ ಹತ್ತು ನಿಮಿಷ, ನಡುವೆ ಒಂಬತ್ತು ಉಬ್ಬು. ಊರಿನ ಉಬ್ಬುಗಳೆಲ್ಲ ಮೇಷ್ಟ್ರಿಗೆ ನೆಂಟರಿದ್ದ ಹಾಗೆ. ಯಾವುದು ಗೂನು, ಯಾವುದರ ಬಣ್ಣ ಮಾಸಿದೆ, ಯಾವುದು ಶಾಲೆಯ ಮುಂದೆ ಕಳ್ಳನ ಹಾಗೆ ಅಡಗಿದೆ, ಎಲ್ಲ ನಾಲಿಗೆಯ ತುದಿಯಲ್ಲಿ. ಉಬ್ಬು, ಗುಂಡಿ ಒಂದೂ ಇಲ್ಲದ ದಾರಿ ಇಡೀ ಊರಿಗೆ ಒಂದೇ. ಮೊದಲ ದಿನ ಕಲಿಯಲು ಬಂದವರ ಕೈ ನಡುಗುತ್ತದಲ್ಲ, ಅಂಥವರಿಗೆಂದು ಮೇಷ್ಟ್ರು ಹುಡುಕಿಟ್ಟುಕೊಂಡಿದ್ದ ಹೊರವಲಯದ ರಸ್ತೆ. ಕಾರು ಅಂಗಳದಿಂದ ಹೊರಬಿದ್ದದ್ದೇ ಮೇಷ್ಟ್ರು ಸ್ಟಿಯರಿಂಗನ್ನು ಆ ಕಡೆಗೆ ತಿರುಗಿಸಿದರು.

“ಇದೇನು ಈ ಕಡೆ?”

“ಸ್ವಲ್ಪ ದೂರ ಓಡಿಸಿದ್ರೆ ತಾನೇ ಗೊತ್ತಾಗೋದು?”

ಅರ್ಧ ಗಂಟೆ ಕಾರು ಎಣ್ಣೆ ಹಚ್ಚಿದ ಹಾಗೆ ಜಾರಿತು. ಮೇಷ್ಟ್ರು ಪಾಠ ಮಾಡುವವರಂತೆ ಗೇರು, ತಿರುವು, ಹಿಡಿತ ಎಂದು ಮಾತಾಡುತ್ತಲೇ ಇದ್ದರು. ಅವರ ಮನೆಯ ಬೀದಿಯ ಬಾಯಲ್ಲೂ ಒಂದು ಉಬ್ಬಿದೆ. ಅದಕ್ಕೆ ಎರಡು ಮಾರು ಮೊದಲೇ ಕಾರು ನಿಲ್ಲಿಸಿ, “ಒಳಗೆ ತಿರುಗಿಸೋದು ಕಷ್ಟ, ನೀನು ಇಲ್ಲೇ ಇಳಿದುಬಿಡು, ನಾನು ಗಾಡಿ ವಾಪಸ್ ಕೊಟ್ಟು ಬರ್ತೀನಿ,” ಅಂದರು. ಹೆಂಡತಿ ಇಳಿದು, ಬೀದಿಯಲ್ಲಿ ನಡೆದು ಹೋದಳು. ಎಂಟು ಮೀಟರಿನ ಬಸ್ಸನ್ನು ಆ ಬೀದಿಯಲ್ಲಿ ತಿರುಗಿಸಬಲ್ಲ ನಾನು ಹೀಗೆ ಹೇಳಿದೆನಲ್ಲ ಎಂದು ಮೇಷ್ಟ್ರ ಕಿವಿ ಬಿಸಿಯಾಯಿತು.

ಸಂಜೆ ಆಕೆ ಕಾರ್ಡು ಮುಂದಿಟ್ಟುಕೊಂಡು ಕೇಳಿದಳು, “ಬೆನ್ನಿನದ್ದು ಏನು ಬರೀಲಿ?”

“ನೀನೇ ಕೂತು ನೋಡಿದ್ಯಲ್ಲ.”

“ನೀವು ಹೇಳಿ. ಗಾಡಿ ಗೊತ್ತಿರೋರು ನೀವು.”

ಮೇಷ್ಟ್ರು ಕಿಟಕಿಯ ಕಡೆ ನೋಡಿ, “ತೊಂದರೆ ಇಲ್ಲ ಅಂತ ಬರಿ,” ಅಂದರು.

ಆಕೆ ಸರಿಯ ಕಾಲಂನಲ್ಲಿ ದುಂಡಗೆ ಬರೆದಳು: ಬೆನ್ನಿಗೆ ತೊಂದರೆ ಇಲ್ಲ. ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಒಂದು ವಾರದಲ್ಲಿ ಕಾರು ಮನೆಯ ಮುಂದೆ ಬಂದು ನಿಂತಿತು.

ಮೊದಲ ಮೂರು ವಾರ ಮೇಷ್ಟ್ರು ನೆಲದ ಮೇಲೆ ನಡೆಯಲಿಲ್ಲ. ಬೆಳಗ್ಗೆ ಬೇಗ ಎದ್ದು, ಸ್ಕೂಲಿಗೆ ಹೋಗುವ ಮೊದಲು ಹೊರವಲಯದ ರಸ್ತೆಯಲ್ಲಿ ಒಂದು ಸುತ್ತು. ಎರಡನೇ ಗೇರಿನಲ್ಲಿ ಎಂಜಿನ್ನು ಗುಟುರು ಹಾಕುವಾಗ ಯಾರೂ ಇಲ್ಲದ ಕಾರಿನಲ್ಲಿ ತಾವೇ “ಅಬ್ಬಾ!” ಅನ್ನುವುದು. ಸ್ಕೂಲಿನ ಲೆಕ್ಕಪತ್ರ ನೋಡುವ ಮೇಡಂ “ನಮ್ಮ ನಿಧಾನ ಮೇಷ್ಟ್ರು ಈಗ ರಾಕೆಟ್ ಮೇಷ್ಟ್ರು!” ಎಂದು ರೇಗಿಸಿದರೆ ಹಲ್ಲು ಕಿರಿಯುವುದು. ಸುಳ್ಳು ಹೇಳಬಾರದು, ಸುಖವಾಗಿದ್ದರು.

ಹೆಂಡತಿಯನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವ ದಿನಗಳಲ್ಲಿ ಮಾತ್ರ ಆ ಸುಖಕ್ಕೆ ಹುಳಿ ಹಿಂಡಿದ ಹಾಗಾಗುತ್ತಿತ್ತು. ಕ್ಲಿನಿಕ್ಕಿಗೆ ಮಾರ್ಕೆಟ್ ರಸ್ತೆ ಬಿಟ್ಟು ಬೇರೆ ದಾರಿಯಿಲ್ಲ. ಕಲಿಯುವವರ ಮುಖ ನೋಡಬಾರದು, ಕೈ ನೋಡಬೇಕು, ಹೆದರಿಕೆ ಮೊದಲು ಕೈಯಲ್ಲಿ ಕಾಣುತ್ತದೆ ಎಂಬುದು ಮೇಷ್ಟ್ರು ಇಪ್ಪತ್ತೊಂದು ವರ್ಷದಲ್ಲಿ ಕಲಿತ ವಿದ್ಯೆ. ಆ ವಿದ್ಯೆಯೇ ಈಗ ಅವರಿಗೆ ಶತ್ರುವಾಯಿತು. ಪ್ರತಿ ಉಬ್ಬು ಬರುವ ಮೊದಲು ಹೆಂಡತಿಯ ಎರಡೂ ಅಂಗೈ ಸೀಟಿನ ಅಂಚಿಗೆ ಹೋಗುತ್ತಿದ್ದವು. ಒತ್ತಿ, ತನ್ನನ್ನು ತಾನೇ ಒಂದು ಬೆರಳಿನಷ್ಟು ಮೇಲಕ್ಕೆತ್ತಿಕೊಂಡು, ಕಾರು ಉಬ್ಬು ಇಳಿದ ಮೇಲೆ ಮೆಲ್ಲಗೆ ಕೂರುತ್ತಿದ್ದಳು. ಬಾಯಲ್ಲಿ ಮಾತ್ರ ಯಾವುದೋ ಕೋಟಿನ ಗುಂಡಿಯ ಕಥೆ ನಡೆದೇ ಇರುತ್ತಿತ್ತು. ಮೇಷ್ಟ್ರು ಕಾರನ್ನು ಆಮೆಯ ಹಾಗೆ ಓಡಿಸಿದರು. ಆಮೆಯ ಹಾಗೆ ಓಡಿಸಿದರೂ ಗಟ್ಟಿ ಸ್ಪ್ರಿಂಗು ಗಟ್ಟಿಯೇ.

ಎರಡನೇ ತಿಂಗಳಿಗೆ ಆಕೆ, “ನಾನು ಬಸ್ಸಲ್ಲೇ ಹೋಗ್ತೀನಿ ಬಿಡಿ, ಅಲ್ಲಿ ಮಾತಿಗೆ ಜನ ಸಿಕ್ತಾರೆ,” ಅನ್ನತೊಡಗಿದಳು. ಬೇಡ ಅನ್ನಬೇಕಾದ ಮೇಷ್ಟ್ರು “ಹಾಗಂತೀಯಾ?” ಅಂದರು. ಆಕೆ ಕೈಚೀಲ ಹಿಡಿದು ಬಸ್ ನಿಲ್ದಾಣದ ಕಡೆ ನಡೆಯುವಾಗ, ಮನೆಯ ಮುಂದೆ ನಿಂತಿದ್ದ ನೀಲಿ ಕಾರನ್ನು ಬಳಸಿ ಹೋಗಬೇಕಾಗುತ್ತಿತ್ತು. ಮೇಷ್ಟ್ರು ಒಳಗೆ ಪರದೆಯ ಮರೆಯಲ್ಲಿ ನಿಂತು ನೋಡುತ್ತಿದ್ದರು. ಛೀ, ನಾನೆಂಥ ಮನುಷ್ಯ ಅನ್ನಿಸುತ್ತಿತ್ತು. ಅನ್ನಿಸಿ ಸುಮ್ಮನಾಗುತ್ತಿತ್ತು.

ಒಂದು ದಿನ ಫಿಸಿಯೋಥೆರಪಿಯವರೇ ಫೋನು ಮಾಡಿ, “ಮನೆಯವರೂ ಬನ್ನಿ” ಅಂದರು. ಬೆಳ್ಳಗಿನ ಗೋಡೆ, ಗೋಡೆಯ ಮೇಲೆ ಬೆನ್ನುಮೂಳೆಯ ಚಿತ್ರ, ಮೂಲೆಯಲ್ಲಿ ರಬ್ಬರಿನ ದೊಡ್ಡ ಚೆಂಡು. ಥೆರಪಿಯಾಕೆ ಕಡ್ಡಿ ಮುರಿದ ಹಾಗೆ ಮಾತಾಡುವವರು.

“ಒಂದು ವರ್ಷದಲ್ಲಿ ಗಳಿಸಿದ್ದೆಲ್ಲ ಎರಡು ತಿಂಗಳಲ್ಲಿ ಹೋಯ್ತು. ಮನೆಯಲ್ಲಿ ಏನಾದ್ರೂ ಬದಲಾಗಿದೆಯಾ? ಹಾಸಿಗೆ? ಕುರ್ಚಿ? ಏನಾದ್ರೂ ಹೊಸದು?”

ಹೆಂಡತಿ ಗಂಡನ ಮುಖ ನೋಡಿದಳು. ಬೇಗ ನೋಡಿ ಬೇಗ ತಿರುಗಲಿಲ್ಲ, ನೋಡುತ್ತಲೇ ಇದ್ದಳು. ಮೇಷ್ಟ್ರು ಗೋಡೆಯ ಚಿತ್ರದಲ್ಲಿ ಕೆಂಪು ಬಣ್ಣದ ಬಿಲ್ಲೆಗಳನ್ನು ಎಣಿಸುತ್ತಾ ಕೂತರು.

“ಏನೂ ಇಲ್ಲ ಮೇಡಂ,” ಅಂದಳು ಹೆಂಡತಿ ಕೊನೆಗೆ. “ಹೊಲಿಗೆ ಜಾಸ್ತಿ ಆಯ್ತೇನೋ.”

“ಹಾಗಿದ್ರೆ ಹೊಲಿಗೆ ನಿಲ್ಲಿಸಿ. ಮೂರು ತಿಂಗಳು ಮಿಷನ್ ಮುಟ್ಟಬೇಡಿ.”

ಆಕೆ ಸರಿ ಅಂದಳು. ಆವತ್ತೂ ಬಸ್ಸಿನಲ್ಲೇ ಮನೆಗೆ ಹೋದಳು. ಮೇಷ್ಟ್ರು ಒಬ್ಬರೇ ಕಾರಿನಲ್ಲಿ, ಒಂಬತ್ತು ಉಬ್ಬುಗಳನ್ನು ಒಂದೊಂದಾಗಿ ಹತ್ತಿ ಇಳಿದರು.

ಮಿಷನ್ನಿಗೆ ಹಳೆ ಬೆಡ್‌ಶೀಟು ಹೊದಿಸಿದ್ದಾಯಿತು. ಆ ಮುಂದಿನ ಕೋಣೆಯಲ್ಲಿ ಸದ್ದಿಲ್ಲದ ದಿನವನ್ನು ಮೇಷ್ಟ್ರು ಮದುವೆಯಾದಾಗಿನಿಂದ ಕಂಡಿರಲಿಲ್ಲ. ನಾಲ್ಕನೇ ದಿನ ಎದುರು ಬೀದಿಯ ಕ್ಷೌರಿಕರು ತಮ್ಮ ತಂದೆಯ ಕಾಲದ ಕೋಟು ಹಿಡಿದು ಬಂದರು. ಅವರ ಬಟ್ಟೆಯನ್ನು ಬೇರೆ ಯಾರೂ ಮುಟ್ಟಿದ್ದಿಲ್ಲ. “ಅಣ್ಣಾ, ಈ ಸಲ ಬೇರೆ ಕಡೆ ಕೊಡಿ,” ಅಂದಳು ಹೆಂಡತಿ. “ನನ್ನ ಕೈಲಾಗ್ತಿಲ್ಲ.” ಕ್ಷೌರಿಕರು ಕೋಟನ್ನು ಮತ್ತೆ ಮಡಚಿಕೊಂಡು, “ಏನು ಅಕ್ಕಾ, ನಿಮಗೂ ವಯಸ್ಸಾಯ್ತಾ?” ಎಂದು ತಮಾಷೆ ಮಾಡಿದರು. ಆಕೆ ನಗುತ್ತಲೇ ಬಾಗಿಲು ಹಾಕಿದಳು. ಹಾಕಿ, ಅದೇ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಳು.

ಅಡುಗೆಮನೆಯಿಂದ ಇದನ್ನೆಲ್ಲ ನೋಡಿದ ಮೇಷ್ಟ್ರಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಪಕ್ಕದಲ್ಲೇ ಫ್ರಿಜ್ಜಿನ ಬಾಗಿಲು, ಅದರ ಮೇಲೆ ಆ ದುಂಡು ಅಕ್ಷರ. ಕಾರ್ಡನ್ನು ಕಿತ್ತುಕೊಂಡು ಮುಂದಿನ ಕೋಣೆಗೆ ಹೋದರು.

“ಇದು ಸುಳ್ಳು ಕಣೇ,” ಅಂದರು. “ನನಗೆ ಮೊದಲೇ ಗೊತ್ತಿತ್ತು. ಆವತ್ತು ಬೇಕಂತಲೇ ಹಂಪ್ ಇಲ್ಲದ ದಾರೀಲಿ ಕರಕೊಂಡು ಹೋದೆ.”

ಹೆಂಡತಿ ತಿರುಗಿದಳು. ಮುಖದಲ್ಲಿ ಆಶ್ಚರ್ಯದ ಸುಳಿವೇ ಇಲ್ಲ.

“ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಸುತ್ತಿಸಿದ್ರಿ. ಬೀದಿ ಬಾಯಲ್ಲಿ ಇಳಿಸಿ ಕಳಿಸಿದ್ರಿ. ನಾನೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ನಾ?”

“ಗೊತ್ತಿತ್ತಾ? ಮತ್ತೆ ಇದನ್ಯಾಕೆ ಬರೆದೆ?”

“ನೀವು ಹೇಳಿದ್ದನ್ನ ಬರೆದೆ. ಬರೆಯೋವಾಗಲಾದ್ರೂ ತಡೀತೀರಾ ಅಂದ್ಕೊಂಡೆ. ಆಮೇಲೆ, ಕಾರು ತಂದ ದಿನ ಹೇಳ್ತೀರಾ ಅಂದ್ಕೊಂಡೆ. ಥೆರಪಿ ಮೇಡಂ ಕೇಳಿದಾಗಲಂತೂ ಹೇಳೇ ಹೇಳ್ತೀರಾ ಅಂತಿದ್ದೆ.” ಆಕೆ ಒಂದು ಹೆಜ್ಜೆ ಹತ್ತಿರ ಬಂದಳು. “ನೀವು ಗೋಡೆ ನೋಡ್ತಾ ಕೂತಿದ್ರಿ.”

ಮೇಷ್ಟ್ರು ಕೈಯಲ್ಲಿದ್ದ ಕಾರ್ಡನ್ನು ಮಿಷನ್ನಿನ ಮೇಲಿಟ್ಟರು.

“‘ನನಗೆ ಆ ಕಾರು ಬೇಕು ಕಣೇ, ನಿನ್ನ ಬೆನ್ನಿಗೆ ಆಗಿಬರಲ್ಲ, ಆದ್ರೂ ನನಗೆ ಬೇಕು’ ಅಂತ ನೀವು ಒಂದು ಮಾತು ಬಾಯಿಬಿಟ್ಟು ಕೇಳಿದ್ರೆ ನಾನು ಬೇಡ ಅಂತಿದ್ನಾ? ನೀವು ಕಾರಲ್ಲಿ ಓಡಾಡಿ, ನಾನು ಬಸ್ಸಲ್ಲಿ ಓಡಾಡ್ತೀನಿ ಅಂತಿದ್ದೆ. ಇಷ್ಟು ವರ್ಷದಲ್ಲಿ ನೀವು ನಿಮಗೆ ಅಂತ ಏನು ಕೇಳಿದ್ದೀರಿ?”

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಅವರ ಮುಖ ಇಷ್ಟೇ ಇಷ್ಟಾಯಿತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಕೇಳಿದ್ದರೆ ಸಿಗುತ್ತಿದ್ದುದನ್ನು ಅವರು ಕದ್ದಿದ್ದರು.

“ನಾಳೇನೇ ಮಾರಿಬಿಡ್ತೀನಿ,” ಅಂದರು.

“ಮಾರೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಒಂದು ಮಾತು. ಹೆಂಡತಿಗೆ ಬೆನ್ನುನೋವು, ಅದಕ್ಕೆ ಮಾರಿದೆ ಅಂತ ಯಾರ ಹತ್ರಾನೂ ಅನ್ನಬೇಡಿ. ನೋವೂ ನಂದೇ, ನಿಮ್ಮ ಕಾರು ಹೋಗಿದ್ದಕ್ಕೆ ನೆಪಾನೂ ನಂದೇ ಆಗೋದು ಬೇಡ.”

“ಅಷ್ಟೂ ತಿಳಿಯಲ್ವಾ ನನಗೆ?” ಅಂದರು ಮೇಷ್ಟ್ರು. ಮಾತು ಕೊಟ್ಟರು.

ಮುಂದಿನ ವಾರ ಕಾರು ನೋಡಲು ಔಷಧಿ ಅಂಗಡಿಯವನೊಬ್ಬ ಬಂದ. ಮೂವತ್ತರ ಆಸುಪಾಸು, ಕಣ್ಣಲ್ಲಿ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿದ್ದ ಅದೇ ಹೊಳಪು. ಬಾನೆಟ್ಟು ಎತ್ತಿ ನೋಡಿದ, ಎಂಜಿನ್ನು ಶುರು ಮಾಡಿ ಕಿವಿಗೊಟ್ಟ, ಟೈರನ್ನು ಸವರಿದ. ಆಮೇಲೆ ಮುಂದಿನ ಕೋಣೆಯಲ್ಲಿ, ಬೆಡ್‌ಶೀಟು ಹೊದ್ದ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ, “ಕಾರು ಒಳ್ಳೆ ಕಂಡೀಷನ್ನಲ್ಲಿದೆ ಸಾರ್. ಮೂರು ತಿಂಗಳೂ ಆಗಿಲ್ಲ. ಯಾಕೆ ಮಾರ್ತಿದೀರಿ?”

ಮೇಷ್ಟ್ರು ಯೋಚಿಸಲೇ ಇಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ, ತಮ್ಮ ಮಾನ ಉಳಿಸುವ ಆ ಮಾತು ನಾಲಿಗೆಯ ಮೇಲೆ ಸಿದ್ಧವಾಗಿಯೇ ಕೂತಿತ್ತು.

“ಮನೆಯವರಿಗೆ ಬೆನ್ನುನೋವು, ಅದಕ್ಕೆ…”

“ಅಯ್ಯೋ ಪಾಪ,” ಅಂದ ಅವನು. “ಹೆಂಗಸರು ಒಪ್ಪದಿದ್ರೆ ಏನು ಮಾಡೋಕಾಗುತ್ತೆ ಸಾರ್. ನಿಮಗೆ ಎಷ್ಟು ಬೇಜಾರಾಗಿರಬೇಕು.”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು. ಆಮೇಲೆ ಅದನ್ನೂ ಯಾರೋ ತಿರುಗಿಸಿ ನಿಲ್ಲಿಸಿದರು.

ಏಳು ದಿನ, ಬರೀ ಏಳು ದಿನ ಉಳಿಸಿಕೊಳ್ಳಲಾಗಲಿಲ್ಲ ಕೊಟ್ಟ ಮಾತನ್ನು. ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ, ಹೊರಬಿದ್ದಾಗಿತ್ತು.

“ಅಲ್ಲ,” ಅಂದರು ಮೇಷ್ಟ್ರು ಮೆಲ್ಲಗೆ. “ಹಾಗಲ್ಲ. ಅವಳು ಬೇಡ ಅನ್ನಲೇ ಇಲ್ಲ. ಈ ಕಾರು ಅವಳ ಬೆನ್ನಿಗೆ ಆಗಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಆಗುತ್ತೆ ಅಂತ ಸುಳ್ಳು ಹೇಳಿ ತಗೊಂಡೆ.”

ಅಂಗಡಿಯವನು ಗೊಳ್ಳನೆ ನಕ್ಕ. “ಒಳ್ಳೆ ತಮಾಷೆ ಮಾಡ್ತೀರಿ ಸಾರ್!”

“ತಮಾಷೆ ಅಲ್ಲಪ್ಪ.”

ಅವನ ನಗು ಅರ್ಧಕ್ಕೇ ನಿಂತಿತು. ಎಲ್ಲಿ ನೋಡಬೇಕೆಂದು ತಿಳಿಯದೆ ಕಾರಿನ ಕೀಲಿಯನ್ನು ನೋಡತೊಡಗಿದ.

ಒಳಗಿನಿಂದ ಹೆಂಡತಿಯ ದನಿ ಬಂತು. ಸಿಟ್ಟಿಲ್ಲ, ಅಳುವಿಲ್ಲ, ಅಳತೆ ತೆಗೆದುಕೊಳ್ಳುವಾಗ ನೆಟ್ಟಗೆ ನಿಲ್ಲಿ ಎಂದು ಗಿರಾಕಿಗಳಿಗೆ ಹೇಳುವ ದನಿ.

“ರೀ, ಕೊನೇದು ನನಗೆ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ.”

ಬೀದಿಯ ಕಡೆಯ ಕಿಟಕಿ ತೆರೆದಿತ್ತು. ಹೊರಗೆ ಕ್ಷೌರಿಕರು ಯಾರೊಡನೆಯೋ ಮಾತಾಡುತ್ತಾ ನಿಂತಿದ್ದರು. ಮೇಷ್ಟ್ರ ಕೈ ಕಿಟಕಿ ಮುಚ್ಚಲು ಅರ್ಧ ಎದ್ದಿತು. ಎದ್ದದ್ದನ್ನು ಅವರು ತೊಡೆಯ ಮೇಲೆ ಇಳಿಸಿಕೊಂಡರು. ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ತಿರುಗಿ, ಮೊದಲಿನಿಂದ ಹೇಳತೊಡಗಿದರು.